ಕೆರೆ ಏರಿಯ ಮೇಲೆ ನಾಟಕ: ನನ್ನಂಥವರು ಸೇರಬಹುದಾ?

ಪ್ರಶ್ನೆ: ನನಗೆ 46 ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ಸಹಕಾರಿ ಬ್ಯಾಂಕಿನ ಕೆಲಸ. ನಮ್ಮೂರಿನ ಹವ್ಯಾಸಿ ರಂಗತಂಡ ಈ ಸಲ ರಂಗಮಂದಿರ ಬಿಟ್ಟು ಊರ ಕೆರೆಯ ಏರಿ, ತೂಬು, ಕೋಡಿಯ ಹತ್ತಿರ ನಾಟಕ ಮಾಡುತ್ತದಂತೆ. ಫೆಬ್ರವರಿಯಲ್ಲಿ ಪ್ರದರ್ಶನ. ಕಥೆ ಇನ್ನೂ ಇಲ್ಲ, ಕೆರೆಯಿಂದಲೇ ಹುಟ್ಟಬೇಕು ಅನ್ನುತ್ತಾರೆ. ಪ್ರೇಕ್ಷಕರು ನಡೆದುಕೊಂಡು ನೋಡಬೇಕಂತೆ. ಯಾರು ಬೇಕಾದರೂ ಸೇರಬಹುದು ಎಂದು ಕರೆದಿದ್ದಾರೆ. ನಾನು ಶಾಲೆ ಬಿಟ್ಟ ಮೇಲೆ ಬಣ್ಣ ಹಚ್ಚಿಲ್ಲ. ದನಿ ಸಣ್ಣದು, ಮಂಡಿ ನೋವು ಬೇರೆ. ಮನೆಯವರು "ಬೀದಿ ನಾಟಕ ಇರಬೇಕು ಬಿಡು" ಅಂತಾರೆ. ನನ್ನಂಥವರಿಂದ ಅಲ್ಲಿ ಏನು ಉಪಯೋಗ? ಸೇರುವ ಮೊದಲು ಏನು ಕೇಳಿಕೊಳ್ಳಬೇಕು?

ಉತ್ತರ: ಸೇರಿಕೊಳ್ಳಿ. ಮಂಡಿ ನೋವು, ಸಣ್ಣ ದನಿ ಎರಡಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಮೊದಲ ಸಭೆಯಲ್ಲೇ ತಂಡದವರನ್ನು ಒಂದು ಮಾತು ಕೇಳಿ. ಆ ಕೆರೆಯ ಹತ್ತಿರ ಬೆಳಿಗ್ಗೆಯಿಂದ ರಾತ್ರಿವರೆಗೆ ಯಾರ್ಯಾರು ಬರುತ್ತಾರೆ ಅಂತ ನಿಮ್ಮಲ್ಲಿ ಯಾರಾದರೂ ಕೂತು ನೋಡಿದ್ದೀರಾ? ಹೌದು ಅಂದರೆ ಒಳ್ಳೆಯ ತಂಡ. "ಮೊದಲು ಕಥೆ ಸಿಗಲಿ, ಆಮೇಲೆ ನೋಡೋಣ" ಅಂದರೆ ಆ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಕಥೆ, ಅನುಮತಿ, ಸುರಕ್ಷತೆ, ಪ್ರೇಕ್ಷಕರು, ಎಲ್ಲವೂ ಆ ಪ್ರಶ್ನೆಯ ಉತ್ತರದಿಂದಲೇ ಹೊರಡುತ್ತವೆ. ಇಂಥ ನಾಟಕಗಳು ಕೆಡುವುದು ಹೆಚ್ಚಾಗಿ ನಟನೆಯಿಂದಲ್ಲ. ಜಾಗ ಖಾಲಿ ಇದೆ ಅಂದುಕೊಂಡು ಹೋಗಿ, ಅಲ್ಲಿ ಆಗಲೇ ಇರುವವರ ಮೇಲೆ ಎಡವಿ ಬೀಳುವುದರಿಂದ.

ಮನೆಯವರು ಬೀದಿ ನಾಟಕ ಅಂದದ್ದು ಪೂರ್ತಿ ತಪ್ಪಲ್ಲ, ನಂಟಿದೆ. 1975ರಲ್ಲಿ ಶುರುವಾದ ಸಮುದಾಯ ತಂಡ ಕರ್ನಾಟಕದ ಊರೂರಿಗೆ ಬೀದಿ ನಾಟಕವನ್ನು ತಲುಪಿಸಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಅವರು ಆಡಿದ 'ಬೆಲ್ಚಿ'ಯನ್ನು ನೆನೆಸಿಕೊಳ್ಳುವ ಹಿರಿಯರು ಈಗಲೂ ಸಿಗುತ್ತಾರೆ. ಬೀದಿ ನಾಟಕದ ಬಲ ಇರುವುದೇ ಎಲ್ಲಿ ಬೇಕಾದರೂ ಆಡಬಹುದು ಅನ್ನುವುದರಲ್ಲಿ. ಇವತ್ತು ಬಸ್ ಸ್ಟ್ಯಾಂಡ್, ನಾಳೆ ಫ್ಯಾಕ್ಟರಿ ಗೇಟು. ನಾಟಕ ಅದೇ.

ಆದರೆ ಬೀದಿ ನಾಟಕವೂ ಒಂದು ಜಾಗಕ್ಕೆ ಅಂಟಿಕೊಂಡುಬಿಟ್ಟ ಒಂದು ದಿನ ಇದೆ. 1989ರ ಜನವರಿ 1ರಂದು ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ನಾಟಕ ಆಡುತ್ತಿದ್ದಾಗ ಜನ ನಾಟ್ಯ ಮಂಚ್ ಅನ್ನುವ ಬೀದಿ ನಾಟಕ ತಂಡದ ಸಫ್ದರ್ ಹಾಶ್ಮಿ ಮೇಲೆ ದಾಳಿ ನಡೆಯಿತು. ಮರುದಿನ ಅವರು ತೀರಿಕೊಂಡರು. 4ನೇ ತಾರೀಖು ಅವರ ಹೆಂಡತಿ ಮೊಲೊಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ವಾಪಸ್ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು. ಆ ದಿನದ ಪ್ರದರ್ಶನವನ್ನು ಬೇರೆ ಎಲ್ಲಿ ಆಡಿದ್ದರೂ ಅದು ಅದಾಗುತ್ತಿರಲಿಲ್ಲ. ನಿಮ್ಮ ತಂಡ ಹುಡುಕುತ್ತಿರುವುದು ಈ ಗುಣವನ್ನು. ಕೆರೆಯಿಂದ ಎತ್ತಿಕೊಂಡು ಹೋಗಿ ರಂಗಮಂದಿರದಲ್ಲಿ ಇಟ್ಟರೆ ಸತ್ತುಹೋಗಬೇಕು, ಅಂಥ ನಾಟಕ.

ನಡೆದುಕೊಂಡು ನೋಡುವ ನಾಟಕ ಕನ್ನಡಕ್ಕೆ ಹೊಸದೂ ಅಲ್ಲ. 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಸಿ. ಬಸವಲಿಂಗಯ್ಯ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ರಾತ್ರಿಯಿಡೀ ನಡೆಯಿತಲ್ಲ, ಸುಮಾರು 9 ಗಂಟೆ. ಜನ ಚಾಪೆ, ಕಂಬಳಿ ಹೊತ್ತುಕೊಂಡು ಒಂದು ಬಯಲು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ಆಮೇಲೆ ಅದು ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಅಲ್ಲಿ ಕಾದಂಬರಿ ಮೊದಲೇ ಇತ್ತು, ಅದಕ್ಕೆ ತಕ್ಕ ಜಾಗ ಕಟ್ಟಿಕೊಂಡರು. ನಿಮ್ಮದು ಉಲ್ಟಾ. ಜಾಗ ಇದೆ, ಕಥೆ ಬರಬೇಕು. ಇದು ಕಷ್ಟದ ದಾರಿ. ಹೊಸಬರಿಗೆ ಜಾಸ್ತಿ ಜಾಗ ಇರುವ ದಾರಿಯೂ ಇದೇ. ಬರೆದಿಟ್ಟ ನಾಟಕದಲ್ಲಿ ಚೆನ್ನಾಗಿ ಮಾತಾಡುವವರಿಗೆ ಪಾತ್ರ ಸಿಗುತ್ತದೆ. ಇಲ್ಲಿ ಕೆರೆಯನ್ನು ಬಲ್ಲವರಿಗೆ ಕೆಲಸ ಸಿಗುತ್ತದೆ.

ಈಗ ಆ ಕೂತು ನೋಡುವ ಕೆಲಸದ ಬಗ್ಗೆ. ಮೂರು ನಾಲ್ಕು ಜನ ಸರದಿ ಹಾಕಿಕೊಂಡು, ಬೆಳಗಿನ ಜಾವದಿಂದ ರಾತ್ರಿ 10ರವರೆಗೆ, ವಾರದ ದಿನ ಒಂದು, ಭಾನುವಾರ ಒಂದು, ಸಂತೆ ದಿನ ಒಂದು. ಫೋಟೋ ಬೇಡ, ಮೊದಮೊದಲು ಬರೀ ನೋಟ್‌ಬುಕ್ಕು ಸಾಕು. ಮೊಬೈಲ್ ಎತ್ತಿದ ಕೂಡಲೇ ಜನ ಬಿಗಿಯಾಗುತ್ತಾರೆ. ಏನು ಬರೆಯಬೇಕು? ಯಾವ ಹೊತ್ತಿಗೆ ಯಾರು, ಎಲ್ಲಿಂದ ಬಂದರು, ಎಲ್ಲಿ ನಿಂತರು, ಏನು ಸದ್ದು. ಬೆಳಿಗ್ಗೆ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರು. ಬಟ್ಟೆ ಒಗೆಯುವವರು, ಅವರಿಗೆ ಅವರದ್ದೇ ಕಲ್ಲು ಇರುತ್ತದೆ, ಅದರ ಮೇಲೆ ಬೇರೆಯವರು ಕೂರಬಾರದು. ಮೀನಿನ ಗುತ್ತಿಗೆ ಹಿಡಿದವರ ಕಡೆಯ ಕಾವಲುಗಾರ. ಕೆರೆಯಂಗಳ ಒಣಗಿದ ಕಡೆ ಕ್ರಿಕೆಟ್ ಆಡುವ ಹುಡುಗರು. ಮಧ್ಯಾಹ್ನ ಎಮ್ಮೆ ತೊಳೆಯಲು ಬರುವವರು. ಕತ್ತಲಾದ ಮೇಲೆ ಬಾಟಲಿ ಹಿಡಿದು ಕೂರುವವರು. ಕೊನೆಯವರನ್ನು ಬಿಡಬೇಡಿ. ನಿಮ್ಮ ಪ್ರದರ್ಶನ ಇರುವುದೇ ಅವರ ಹೊತ್ತಿಗೆ. ಮೊದಲೇ ಹೋಗಿ ಮರ್ಯಾದೆಯಿಂದ ಮಾತಾಡಿಸಿದರೆ ಪ್ರದರ್ಶನದ ದಿನಗಳಲ್ಲಿ ಅವರೇ ಪಾರ್ಕಿಂಗ್ ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಪೊಲೀಸರಿಗೆ ಹೇಳಿ ಓಡಿಸಿದರೆ ಆಟದ ದಿನ ಕತ್ತಲಿನಿಂದ ಕೂಗು ಗ್ಯಾರಂಟಿ.

ನಾನು ಜೊತೆಗಿದ್ದ ಒಂದು ತಂಡಕ್ಕೆ ಹೀಗೆ ನೋಡಿದಾಗ ತಿಳಿದದ್ದು, ಸಂಜೆ ಹೊತ್ತು ಮುಳುಗುವ ಮೊದಲು ಕುರಿಮಂದೆಯೊಂದು ದಿನವೂ ಏರಿಯ ಮೇಲೇ ಹಾದು ಹೋಗುತ್ತದೆ ಅಂತ. ಮಂದೆಯನ್ನು ಮೂರು ದಿನ ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋಗಲು ಕೇಳೋಣ ಅಂತ ಒಬ್ಬರು ಅಂದರು. ಕೊನೆಗೆ ನಾಟಕವನ್ನೇ ಅದರ ಹಿಂದೆ ಶುರು ಮಾಡಿದರು. ಪ್ರೇಕ್ಷಕರು ಏರಿಯ ತುದಿಯಲ್ಲಿ ಕಾಯುತ್ತಾ ನಿಂತಿರುತ್ತಾರೆ, ಮಂದೆ ಹಾದುಹೋಗುತ್ತದೆ, ಧೂಳು ಏಳುತ್ತದೆ, ಆ ಧೂಳಿನಿಂದ ಮೊದಲ ಪಾತ್ರ ಬರುತ್ತದೆ. ದುಡ್ಡು ಕೊಟ್ಟು ತರಿಸಿದ್ದರೂ ಅಂಥ ಪ್ರವೇಶ ಸಿಗುತ್ತಿರಲಿಲ್ಲ. ಕುರಿಗಾಹಿಗೆ ಮಾತ್ರ ಇದೆಲ್ಲ ತಮಾಷೆ. "ನಾನು ದಿನಾ ಮಾಡೋದನ್ನು ನೋಡೋಕೆ ಇಷ್ಟು ಜನ ಬಂದವ್ರೆ" ಅಂತ ನಗುತ್ತಿದ್ದ.

ನೋಡುವುದರ ಜೊತೆಗೇ ಕೇಳುವ ಕೆಲಸ. ಇಲ್ಲಿ ನಿಮ್ಮ ಕೈ ಮೇಲಿದೆ. ಅಚ್ಚುಕಟ್ಟಿನ ರೈತರೆಲ್ಲ ನಿಮ್ಮ ಕೌಂಟರಿಗೆ ಬರುತ್ತಾರೆ, ಅಲ್ವಾ? ಯಾರ ಮನೆಯಲ್ಲಿ ಹಿರಿಯರಿದ್ದಾರೆ, ಯಾರು ಮಾತಿಗೆ ಸಿಗುತ್ತಾರೆ ಅನ್ನುವುದು ನಿಮಗೆ ಗೊತ್ತಿದ್ದಷ್ಟು ನಿರ್ದೇಶಕರಿಗೆ ಗೊತ್ತಿರುವುದಿಲ್ಲ. ಮೊದಲು ಹುಡುಕಬೇಕಾದವರು ನೀರಗಂಟಿ ಅಥವಾ ಅವರ ಮನೆಯವರು. ತೂಬು ಎತ್ತುವವರು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಡುರಾತ್ರಿಯಲ್ಲಿ ತೀರ್ಮಾನ ಮಾಡಿದವರು. ಜಗಳಗಳ ಪೂರ್ತಿ ಇತಿಹಾಸ ಅವರಲ್ಲಿ ಇರುತ್ತದೆ. ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ, ಬಾಗಿನ ಬಿಡಲು ಯಾರು ಬಂದಿದ್ದರು, ಯಾವ ವರ್ಷ ಕೆರೆಯಂಗಳದ ಗೋಡು ಮಣ್ಣು ತೆಗೆದು ಹೊಲಕ್ಕೆ ಹೊಡೆದರು, ಯಾರು ಮುಳುಗಿ ತೀರಿಹೋದರು, ಇವನ್ನೆಲ್ಲ ಕೇಳಿ. ಪ್ರಶ್ನೆಪತ್ರಿಕೆ ಹಿಡಿದು ಹೋಗಬೇಡಿ. ಕೆರೆ ಕಾಣುವ ಜಾಗದಲ್ಲಿ ಅವರನ್ನು ಕೂರಿಸಿಕೊಳ್ಳಿ, ಕೈ ತೋರಿಸುತ್ತಾ ತಾವಾಗೇ ಹೇಳುತ್ತಾರೆ. ಮತ್ತೆ ಒಂದು ಎಚ್ಚರ: ಬ್ಯಾಂಕಿನಲ್ಲಿ ಗೊತ್ತಾದ ಸಾಲದ ಕಥೆ ಯಾವುದೂ ನಾಟಕಕ್ಕೆ ಬರಬಾರದು, ಹೆಸರು ಬದಲಿಸಿಯೂ. ಸಣ್ಣ ಊರಿನಲ್ಲಿ ಬದಲಿಸಿದ ಹೆಸರು ಎರಡು ನಿಮಿಷ ಉಳಿಯುವುದಿಲ್ಲ.

ಕಾಗದದ ಮೂಲಗಳೂ ಇವೆ. ಏರಿಯ ಪಕ್ಕದಲ್ಲೋ ಗುಡಿಯ ಹಿಂದೋ ಶಾಸನದ ಕಲ್ಲೋ ವೀರಗಲ್ಲೋ ಇದ್ದರೆ ಅದರ ಪಾಠ ಬಹುಶಃ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಆಗಲೇ ಅಚ್ಚಾಗಿದೆ. ಬಿ.ಎಲ್. ರೈಸ್ ಶುರು ಮಾಡಿದ ಆ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ನಿಮ್ಮ ಊರಿನ ಹೆಸರು ಹುಡುಕುವುದು ಸುಲಭ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಕೊಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಅನ್ನುವ ದತ್ತಿಗಳ ಮಾತು ಅಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ. ಎಂಟುನೂರು ವರ್ಷದ ಹಿಂದಿನ ಸಾಲೊಂದನ್ನು ಅದೇ ಕಲ್ಲಿನ ಪಕ್ಕ ನಿಂತು ಓದಿದರೆ ಜನ ಸುಮ್ಮನಾಗುತ್ತಾರೆ. ಅದಕ್ಕೆ ನಟನೆ ಬೇಡ, ಸ್ಪಷ್ಟವಾಗಿ ಓದಿದರೆ ಸಾಕು.

ಕೆರೆ ಅಂದ ಕೂಡಲೇ ತಂಡದಲ್ಲಿ ಯಾರಾದರೂ 'ಕೆರೆಗೆ ಹಾರ' ಅಂದೇ ಅನ್ನುತ್ತಾರೆ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರು, ದಂಡಿನಿಂದ ಬಂದ ಗಂಡ ತಾನೂ ಹಾರಿಕೊಂಡ. ದೊಡ್ಡ ಹಾಡು, ನನಗೂ ಇಷ್ಟ. ಆದರೆ ಮೊದಲ ತಿಂಗಳು ಅದನ್ನು ಮುಟ್ಟಬೇಡಿ ಅಂತ ನನ್ನ ಸಲಹೆ. ಅದು ಬಂದ ಕೂಡಲೇ ನಿಮ್ಮೂರಿನ ಕೆರೆ ಮಾಯವಾಗುತ್ತದೆ, ಎಲ್ಲರ ಕಣ್ಣಲ್ಲೂ ಹಾಡಿನ ಕೆರೆ ಬಂದು ಕೂರುತ್ತದೆ. ನಿಮ್ಮೂರಿನಲ್ಲೇ ಅಂಥದ್ದೊಂದು ಕಥೆ ಇದ್ದರೆ ಮಾತು ಬೇರೆ. ಚನ್ನಗಿರಿಯ ಸೂಳೆಕೆರೆಗೆ ಶಾಂತವ್ವನ ಕಥೆ ಇರುವ ಹಾಗೆ, ಎಷ್ಟೋ ಕೆರೆಗಳಿಗೆ ಅವುಗಳದ್ದೇ ಹೆಣ್ಣುಮಗಳೊಬ್ಬಳು ಇದ್ದಾಳೆ.

ಇನ್ನೊಂದು ಕಥೆಯೂ ಇರುತ್ತದೆ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಈ ಕೆರೆಯ ನೀರನ್ನು ಯಾರು ಮುಟ್ಟುವ ಹಾಗಿರಲಿಲ್ಲ? ಯಾವ ಕಡೆಯ ಮೆಟ್ಟಿಲು ಯಾರಿಗೆ? ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಕೆರೆಯ ನೀರಿನ ಹಕ್ಕಿಗಾಗಿ ಅಷ್ಟು ದೊಡ್ಡ ಹೋರಾಟ ಬೇಕಾಗಿದ್ದ ದೇಶ ನಮ್ಮದು. ನಿಮ್ಮೂರು ಅದಕ್ಕೆ ಹೊರತಾಗಿರುವ ಸಾಧ್ಯತೆ ಕಡಿಮೆ. ತಂಡದಲ್ಲಿ ಎಲ್ಲ ಕೇರಿಯವರೂ ಇದ್ದಾರಾ ನೋಡಿ. ಇಲ್ಲದಿದ್ದರೆ ಈ ಕಥೆ ಮಾಡುವ ಮೊದಲು ಅವರು ತಂಡಕ್ಕೆ ಬರಬೇಕು, ಕಥೆಯಲ್ಲಿ ಪಾತ್ರವಾಗಿ ಮಾತ್ರ ಬಂದರೆ ಸಾಲದು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಅನುಭವಿಸಿದವರೇ ಹೇಳಲಿ. ಇದರಿಂದ ಜಗಳ ಬರಬಹುದು. ಗಂಗಮ್ಮನ ಪೂಜೆ, ಹಳೆಯ ರಾಜರು, ಪ್ಲಾಸ್ಟಿಕ್ ಎಸೆಯಬೇಡಿ, ಇಷ್ಟರಲ್ಲೇ ಮುಗಿಸಿದರೆ ಜಗಳವಿಲ್ಲ. ಆದರೆ ಅದನ್ನು ನೋಡಲು ಕೆರೆವರೆಗೆ ನಡೆದು ಬರಬೇಕಾಗಿಲ್ಲ, ಪಂಚಾಯಿತಿ ಗೋಡೆಯ ಮೇಲೆ ಬರೆದಿರುತ್ತದೆ.

ಕೂಡಿಹಾಕಿದ್ದೆಲ್ಲ ನಾಟಕ ಆಗುವುದು ಹೇಗೆ? ಒಬ್ಬೊಬ್ಬ ನಿರ್ದೇಶಕರದ್ದು ಒಂದೊಂದು ದಾರಿ. ನಾನು ನೋಡಿದವುಗಳಲ್ಲಿ ಚೆನ್ನಾಗಿ ನಡೆದದ್ದು ಹೀಗೆ: ಇಬ್ಬಿಬ್ಬರು, ಮೂವರು ಸೇರಿ ಕೆರೆಯ ಒಂದೊಂದು ಜಾಗ ಆರಿಸಿಕೊಳ್ಳುತ್ತಾರೆ. ತೂಬಿನ ಕಲ್ಲು, ಒಗೆಯುವ ಕಲ್ಲು, ಅರಳಿಕಟ್ಟೆ, ಕೋಡಿ. ಅಲ್ಲಿ ಕೇಳಿದ್ದು ಕಂಡದ್ದನ್ನು ಇಟ್ಟುಕೊಂಡು ಅಲ್ಲೇ ನಾಲ್ಕೈದು ನಿಮಿಷದ ತುಣುಕು ಕಟ್ಟುತ್ತಾರೆ. ಮಾತು ಬರೆಯುವುದಿಲ್ಲ, ಆಡಿ ಆಡಿ ಗಟ್ಟಿ ಮಾಡುತ್ತಾರೆ. ಉಳಿದವರು ನಡೆದುಕೊಂಡು ಬಂದು ನೋಡುತ್ತಾರೆ. ಹತ್ತು ತುಣುಕಿನಲ್ಲಿ ನಾಲ್ಕು ಉಳಿದರೆ ಹೆಚ್ಚು. ಬಿದ್ದುಹೋದದ್ದು ನಿಮ್ಮದೇ ಆಗಿದ್ದರೆ ಬೇಜಾರಾಗುತ್ತದೆ, ಆಗಲಿ. ಊರಿನ ಇತಿಹಾಸ ಪೂರ್ತಿ ತುಂಬಬೇಕು ಅನ್ನುವ ಆಸೆ ಎಲ್ಲ ತಂಡಕ್ಕೂ ಇರುತ್ತದೆ. ಕೆಂಪೇಗೌಡರ ಕಾಲ, ಬ್ರಿಟಿಷರ ಕಾಲ, ಬೋರ್‌ವೆಲ್ ಕಾಲ ಅಂತ ಸಾಲಾಗಿ ಬಂದರೆ ಅದು ಶಾಲಾ ವಾರ್ಷಿಕೋತ್ಸವ. ಆ ಆಸೆಗೆ ಯಾರಾದರೂ ಕತ್ತರಿ ಹಾಕಬೇಕು. ನಿರ್ದೇಶಕರು ಹಾಕದಿದ್ದರೆ ನೀವು ಕೇಳಿ: ಇದನ್ನು ಇಲ್ಲೇ ಯಾಕೆ ಆಡಬೇಕು? ಸಭಾಂಗಣದಲ್ಲೂ ಆಡಬಹುದು ಅನ್ನಿಸಿದ ತುಣುಕು ಹೋಗಲಿ.

ಈಗ ನಿಮ್ಮ ದನಿಯ ವಿಷಯ. ಬಯಲಿನಲ್ಲಿ ಸಣ್ಣ ದನಿ, ದೊಡ್ಡ ದನಿ ಅನ್ನುವ ವ್ಯತ್ಯಾಸ ನೀವು ಅಂದುಕೊಂಡಷ್ಟಿಲ್ಲ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಎಷ್ಟೇ ದೊಡ್ಡ ದನಿಯಾದರೂ. ವಾಪಸ್ ಕೊಡಲು ಗೋಡೆ ಇಲ್ಲ. ಕಿರುಚಿದರೆ ಎರಡನೇ ದಿನಕ್ಕೆ ಗಂಟಲು ಹೋಗುತ್ತದೆ. ಜಾಗವನ್ನು ಬಳಸಿಕೊಳ್ಳಬೇಕು. ಬೆನ್ನ ಹಿಂದೆ ಕಲ್ಲುಗೋಡೆಯೋ ತೂಬಿನ ಮಂಟಪವೋ ಇರುವಂತೆ ನಿಲ್ಲಿ. ಗಾಳಿ ನಿಮ್ಮಿಂದ ಪ್ರೇಕ್ಷಕರ ಕಡೆ ಬೀಸುವಂತಿರಲಿ. ಹಗಲು ನೆಲ ಕಾದಾಗ ಸದ್ದು ಮೇಲಕ್ಕೆ ಬಾಗಿ ಹಾರಿಹೋಗುತ್ತದೆ. ಸಂಜೆ ನೀರಿನ ಮೇಲಿನ ಗಾಳಿ ತಣ್ಣಗಾದ ಮೇಲೆ ಸದ್ದು ಕೆಳಕ್ಕೆ ಬಾಗುತ್ತದೆ, ಆಚೆ ದಡದಲ್ಲಿ ಆಡಿದ ಮಾತು ಈಚೆ ಕೇಳಿಸುವುದು ಅದಕ್ಕೇ. ಒಂದು ಸಂಜೆ ತಂಡದವರನ್ನು ಆಚೆ ದಡದಲ್ಲಿ ನಿಲ್ಲಿಸಿ ನೀವು ಈಚೆಯಿಂದ ಹಾಡಿ ನೋಡಿ, ಯಾವ ಹೊತ್ತಿಗೆ ಕೇಳಿಸಲು ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಹಾಡು ಮಾತಿಗಿಂತ ದೂರ ಹೋಗುತ್ತದೆ. ತಮಟೆ, ಚಂಡೆ ಇನ್ನೂ ದೂರ. ಯಕ್ಷಗಾನದವರು ಬಯಲಿನಲ್ಲಿ ಚಂಡೆ ಬಾರಿಸಿಯೇ ಸುತ್ತಲಿನ ಊರಿಗೆಲ್ಲ ಆಟ ಇದೆ ಅಂತ ಹೇಳುತ್ತಿದ್ದರು, ಮೈಕು ಇರಲಿಲ್ಲವಲ್ಲ. ಇನ್ನೊಂದು ದಾರಿ, ಪ್ರೇಕ್ಷಕರನ್ನೇ ಹತ್ತಿರ ಕರೆಯುವುದು. ಇಪ್ಪತ್ತು ಜನ ಕಟ್ಟೆಯ ಸುತ್ತ ಕೂತರೆ ನೀವು ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಬಹುದು.

ಬೆಳಕಿಗೆ ಜನರೇಟರ್ ಅಂತ ಮೊದಲೇ ಓಡಬೇಡಿ. ಅದರ ಸದ್ದು ನಾಟಕವನ್ನು ತಿಂದುಹಾಕುತ್ತದೆ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಮುಖ ಕಾಣುವ ಬೆಳಕು ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಆ ಹೊತ್ತು ಚಿನ್ನ, ಅದಕ್ಕೆ ಯಾವ ತುಣುಕು ಅನ್ನುವುದನ್ನು ಗಡಿಯಾರ ಹಿಡಿದು ತೀರ್ಮಾನಿಸಿ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಎದುರು ದಿಕ್ಕಿನಲ್ಲಿ ಏಳುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಮೂರು ದಿನದ ಪ್ರದರ್ಶನವಾದರೆ ಹುಣ್ಣಿಮೆಯ ಹಿಂದಿನ ದಿನ ಶುರು ಮಾಡುವುದು ಒಳ್ಳೆಯದು, ನಂತರದ ದಿನಗಳಿಗೆ ಒಯ್ದರೆ ಮೊದಲರ್ಧ ಪೂರ್ತಿ ಕತ್ತಲು. ಬೆಳದಿಂಗಳಲ್ಲಿ ಆಕಾರ ಕಾಣುತ್ತದೆ, ಮುಖದ ಭಾವ ಕಾಣುವುದಿಲ್ಲ. ಹಾಗಾಗಿ ಆ ಭಾಗದಲ್ಲಿ ನಡಿಗೆ, ಕೈ, ಬಟ್ಟೆಯ ಬಣ್ಣ ಕೆಲಸ ಮಾಡಬೇಕು. ಬಿಳಿ ಪಂಚೆ ಎಷ್ಟು ದೂರಕ್ಕೂ ಕಾಣುತ್ತದೆ.

ದೀಪಗಳನ್ನು ನೀವೇ ಮಾಡಿಕೊಳ್ಳಬಹುದು. ಇಂಗ್ಲೆಂಡಿನ ಅಲ್ವರ್ಸ್ಟನ್ ಅನ್ನುವ ಸಣ್ಣ ಪಟ್ಟಣದಲ್ಲಿ ವೆಲ್‌ಫೇರ್ ಸ್ಟೇಟ್ ಇಂಟರ್‌ನ್ಯಾಷನಲ್ ಅನ್ನುವ ರಂಗತಂಡ ಇತ್ತು. 1983ರಲ್ಲಿ ಅವರು ಊರಿನವರ ಕೈಯಲ್ಲೇ ಕಡ್ಡಿ, ತೆಳು ಕಾಗದದ ದೀಪ ಮಾಡಿಸಿ ಮೆರವಣಿಗೆ ಹೊರಡಿಸಿದರು. ತಂಡ 2006ರಲ್ಲಿ ಮುಚ್ಚಿತು, ಮೆರವಣಿಗೆಯನ್ನು ಊರು ಬಿಡಲಿಲ್ಲ. ನಮಗೆ ಇದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಕರಾವಳಿಯವರು ದೀಪಾವಳಿಗೆ ಬಿದಿರ ಕಡ್ಡಿಯ ಗೂಡುದೀಪ ಕಟ್ಟುತ್ತಾರಲ್ಲ, ಅದೇ ವಿದ್ಯೆ. ನಟಿಸಲು ನಾಚುವವರು, ಶಾಲಾ ಮಕ್ಕಳು, ಅಜ್ಜಿಯರು, ಎಲ್ಲರನ್ನೂ ಒಳಗೆ ಎಳೆಯುವ ಕೆಲಸ ಇದು. ಒಳಗೆ ಎಣ್ಣೆದೀಪದ ಬದಲು ಬ್ಯಾಟರಿ ದೀಪ ಇರಲಿ. ಫೆಬ್ರವರಿಯಲ್ಲಿ ಕೆರೆ ಅಂಚಿನ ಹುಲ್ಲು ಒಣಗಿರುತ್ತದೆ.

ಒಣಗುವ ಮಾತು ಬಂತಲ್ಲ, ನೀರಿನ ಮಟ್ಟ ನೆನಪಿರಲಿ. ನವೆಂಬರ್‌ನಲ್ಲಿ ನೀವು ತಾಲೀಮು ಶುರು ಮಾಡಿದಾಗ ಮೂರನೇ ಮೆಟ್ಟಿಲಿಗೆ ಇದ್ದ ನೀರು ಫೆಬ್ರವರಿಗೆ ಎಷ್ಟೋ ಹಿಂದೆ ಸರಿದಿರುತ್ತದೆ. ಮಧ್ಯೆ ಕೆಸರು. ನೀರಿನ ಅಂಚಿನಲ್ಲಿ ಕಟ್ಟಿದ ದೃಶ್ಯ ಕೆಸರಿನ ಅಂಚಿಗೆ ಬಂದು ನಿಲ್ಲುತ್ತದೆ. ನೀರಗಂಟಿಯನ್ನು ಕೇಳಿ, ಶಿವರಾತ್ರಿ ಹೊತ್ತಿಗೆ ನೀರು ಎಲ್ಲಿರುತ್ತದೆ ಅಂತ ಕಡ್ಡಿ ನೆಟ್ಟು ತೋರಿಸುತ್ತಾರೆ. ಚಳಿಗಾಲದಲ್ಲಿ ವಲಸೆ ಹಕ್ಕಿ ಬರುವ ಕೆರೆಯಾದರೆ ಇನ್ನೊಂದು ಜವಾಬ್ದಾರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವ ಹಾಗೆ ನಿಮ್ಮಲ್ಲೂ ಬಂದು ತಂಗುತ್ತವಾ ನೋಡಿ. ಬರುವುದಾದರೆ ಪಟಾಕಿ, ಡ್ರೋನ್ ಬೇಡವೇ ಬೇಡ, ಆಚೆ ದಡದ ದೃಶ್ಯವನ್ನೂ ಬಿಡಬೇಕಾಗಬಹುದು.

ಸುರಕ್ಷತೆ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ನಟರು ಯಾರೂ ನೀರಿಗೆ ಇಳಿಯಬಾರದು, ಎಷ್ಟು ಚೆಂದದ ದೃಶ್ಯವಾದರೂ. ತೂಬಿನ ಬಾಯಿಯ ಹತ್ತಿರ, ನೀರು ಇರುವ ಕಡೆ, ಪ್ರೇಕ್ಷಕರು ಹೋಗದಂತೆ ಹಗ್ಗ ಕಟ್ಟಬೇಕು. ಈಜು ಬಲ್ಲ ಮೀನುಗಾರರಿಬ್ಬರು ಹರಿಗೋಲಿನಲ್ಲೋ ತೆಪ್ಪದಲ್ಲೋ ಇರಬೇಕು, ಅವರಿಗೆ ಕೂಲಿ ಕೊಡಬೇಕು. ಏರಿಯ ಒಳಮೈಯ ಕಲ್ಲುಗಳು ಕತ್ತಲಲ್ಲಿ ಜಾರುತ್ತವೆ. ಹಳೇ ಮಂಟಪ, ಕಮಾನು, ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದೆಯಾ ಅಂತ ಹಗಲಲ್ಲೇ ನೋಡಿ. ಪಂಜಿನ ಹೊಗೆ ತಗುಲಿದರೆ, ಬಲವಾದ ಬೆಳಕು ಬಿದ್ದರೆ ಅವು ಏಳುತ್ತವೆ, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಗೂಡು ಇದ್ದರೆ ಆ ಜಾಗ ಬಿಟ್ಟುಬಿಡಿ. ಹಾವಿನ ಹೆದರಿಕೆಗೆ ಹುಲ್ಲು ಸವರಿದ ದಾರಿ, ಕಾಲಿಗೆ ಶೂ, ಟಾರ್ಚು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವು ಕಡಿತದ ಔಷಧಿ ಇದೆ ಅಂತ ಒಬ್ಬರು ಮೊದಲೇ ವಿಚಾರಿಸಿಟ್ಟಿರಲಿ.

ನಿಮ್ಮ ಮಂಡಿಗೆ ತಕ್ಕ ಪಾತ್ರ ಇಲ್ಲೇ ಇದೆ. ನಡೆದು ನೋಡುವ ನಾಟಕದಲ್ಲಿ ಪ್ರೇಕ್ಷಕರನ್ನು ಕರೆದೊಯ್ಯುವವರು ಬೇಕು, ಪಾತ್ರವಾಗಿಯೇ. ದೀಪ ಹಿಡಿದು ಮುಂದೆ ನಡೆಯುವವರು, ತಿರುವಿನಲ್ಲಿ ನಿಂತು "ಈ ಕಡೆ ಬನ್ನಿ, ಕಲ್ಲು ಇದೆ ನೋಡ್ಕೊಳ್ಳಿ" ಅನ್ನುವವರು. ನಡೆಯಲು ಕಷ್ಟವಾದರೆ ಒಂದೇ ಜಾಗದಲ್ಲಿ ಕೂತಿರುವ ಪಾತ್ರ ಕೇಳಿ. ಅರಳಿಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತ ಹೆಂಗಸು. ಗುಂಪು ಬರುತ್ತದೆ, ಅವಳು ತನ್ನ ಪಾಡಿಗೆ ನೀರಿನ ಜಗಳದ ಕಥೆ ಹೇಳುತ್ತಾಳೆ, ಗುಂಪು ಹೋಗುತ್ತದೆ, ಇನ್ನೊಂದು ಬರುತ್ತದೆ. ಪ್ರೇಕ್ಷಕರನ್ನು ಮೂವತ್ತು ನಲವತ್ತರ ಗುಂಪುಗಳಾಗಿ ಬಿಟ್ಟರೆ ನೀವು ಒಂದು ಸಂಜೆಯಲ್ಲಿ ಅದೇ ಕಥೆಯನ್ನು ಐದಾರು ಸಲ ಹೇಳುತ್ತೀರಿ. ರಂಗಮಂದಿರದಲ್ಲಿ ಒಬ್ಬ ನಟನಿಗೆ ಒಂದು ವಾರಕ್ಕೆ ಸಿಗುವ ಅಭ್ಯಾಸ ನಿಮಗೆ ಒಂದೇ ರಾತ್ರಿ ಸಿಗುತ್ತದೆ. ಏರಿ ಕಿರಿದಾಗಿರುವುದರಿಂದ ಗುಂಪು ಮಾಡುವುದು ಹೇಗೂ ಬೇಕು. ವಯಸ್ಸಾದವರು, ಗಾಲಿಕುರ್ಚಿಯವರು ಬಂದರೆ ಅವರಿಗೆ ಯಾವ ಭಾಗ ಕಾಣುತ್ತದೆ ಅನ್ನುವುದನ್ನು ತಂಡ ಯೋಚಿಸಿರುವುದಿಲ್ಲ. ಮಂಡಿ ನೋವಿರುವ ನೀವು ಒಂದು ಸಲ ಪೂರ್ತಿ ದಾರಿ ನಡೆದು, ಎಲ್ಲೆಲ್ಲಿ ಕೂರಬೇಕು ಅನ್ನಿಸಿತು ಅಂತ ಗುರುತು ಹಾಕಿ. ಅಲ್ಲೆಲ್ಲ ಕೂರಲು ಏನಾದರೂ ಇರಬೇಕು.

ಅನುಮತಿಯ ವಿಷಯ ಚುಟುಕಾಗಿ. ಕೆರೆ ಯಾರದ್ದು ಅಂತ ಮೊದಲು ತಿಳಿಯಿರಿ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಲ್ಲಿ. ಪಟ್ಟಣದೊಳಗಿನದ್ದಾದರೆ ಪುರಸಭೆಯನ್ನೂ ಕೇಳಬೇಕಾಗುತ್ತದೆ. ಪೊಲೀಸ್ ಠಾಣೆಗೆ ಅರ್ಜಿ ಕೊಡಬೇಕು. ಧ್ವನಿವರ್ಧಕ ಬಳಸುವುದಾದರೆ ಅದಕ್ಕೂ ಬರಹದ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಏರಿಯ ಪಕ್ಕದ ಗುಡಿಯೋ ಕೋಟೆಯೋ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದರೆ, ಬರಹದ ಅನುಮತಿ ಇಲ್ಲದೆ ಅದರೊಳಗೆ ಮನರಂಜನೆ ಕಾರ್ಯಕ್ರಮ ಮಾಡುವಂತಿಲ್ಲ. ಅದು ಬೇಗ ಸಿಗುವುದೂ ಇಲ್ಲ. ಫೆಬ್ರವರಿಗೆ ಬೇಕಾದರೆ ಅರ್ಜಿ ಈಗಲೇ ಹೋಗಲಿ, ಇಲ್ಲವೇ ಸ್ಮಾರಕವನ್ನು ದೂರದಿಂದ ಕಾಣುವ ಹಾಗೆ ಬಳಸಿಕೊಳ್ಳಿ. ಕಾಗದದ ಅನುಮತಿ ಸಿಕ್ಕಿತು ಅಂತ ಬಟ್ಟೆ ಒಗೆಯುವವರನ್ನು ಕೇಳದೆ ಬಿಡಬೇಡಿ. ಇಲಾಖೆ ಅನುಮತಿ ಕೊಟ್ಟ ಜಾಗದಲ್ಲಿ ಅವರ ಕಲ್ಲೂ ಸೇರಿರುತ್ತದೆ.

ಸೇರುವ ಮೊದಲು ತಂಡವನ್ನು ಕೇಳಬೇಕಾದ ಸಣ್ಣ ಮಾತುಗಳೂ ಇವೆ, ನಮ್ಮ ತಂಡಗಳಲ್ಲಿ ಇವನ್ನು ಕೇಳಲು ಜನ ಸಂಕೋಚಪಡುತ್ತಾರೆ. ಖರ್ಚು ಯಾರದ್ದು, ನಾನು ಎಷ್ಟು ಹಾಕಬೇಕು? ಕೊನೆಯ ಮಾತು ಯಾರದ್ದು, ನಿರ್ದೇಶಕರದ್ದೋ ಎಲ್ಲರದ್ದೋ? ಕಥೆ ಕೊಟ್ಟ ಹಿರಿಯರ ಹೆಸರು ಕರಪತ್ರದಲ್ಲಿ ಬರುತ್ತದಾ, ಅವರಿಗೆ ಅದು ಬೇಕಾ? ವಿಡಿಯೋ ಮಾಡಿ ಹಾಕುವುದಾದರೆ ಅವರನ್ನು ಕೇಳುತ್ತೀರಾ? ರಾತ್ರಿ ತಾಲೀಮು ಮುಗಿದ ಮೇಲೆ ಹೆಂಗಸರನ್ನು ಮನೆಗೆ ಬಿಡುವವರು ಯಾರು? ಏರಿಯ ಮೇಲೆ ಶೌಚಾಲಯ ಇರುವುದಿಲ್ಲ, ಏನು ವ್ಯವಸ್ಥೆ? ಕೊನೆಯ ಎರಡಕ್ಕೆ ನೆಟ್ಟಗೆ ಉತ್ತರ ಸಿಗದಿದ್ದರೆ ತಂಡದಲ್ಲಿ ಹೆಂಗಸರು ಉಳಿಯುವುದಿಲ್ಲ.

ಸಮಯ ಎಷ್ಟು ಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು ವಾರಕ್ಕೆ ಎರಡು ಸಂಜೆ ಸಾಕಾಗಬಹುದು. ಕೊನೆಯ ಮೂರು ವಾರ ದಿನವೂ ಸಂಜೆ ಕೆರೆಯ ಮೇಲೇ ಇರಬೇಕಾಗುತ್ತದೆ, ಯಾಕೆಂದರೆ ಆ ಬೆಳಕು, ಆ ಗಾಳಿ ಕೋಣೆಯಲ್ಲಿ ಸಿಗುವುದಿಲ್ಲ. ಬ್ಯಾಂಕಿನ ಮಾರ್ಚ್ ತಿಂಗಳ ಗಡಿಬಿಡಿಗೆ ಮೊದಲೇ ಮುಗಿಯುತ್ತದೆ, ಅದು ಅನುಕೂಲ. ಮನೆಯವರನ್ನು ಒಂದು ಸಂಜೆ ತಾಲೀಮಿಗೆ ಕರೆದುಕೊಂಡು ಹೋಗಿ. ಹರಿಗೋಲಿನ ಹತ್ತಿರ ಹಗ್ಗ ಹಿಡಿದು ನಿಲ್ಲಲು ಜನ ಯಾವಾಗಲೂ ಕಮ್ಮಿ ಇರುತ್ತಾರೆ.